ಅಪ್‌ಡೇಟ್: ಅಲಗು ಬಾಗುವುದು ನಿಂತಿದೆ

ಸಕಲೇಶಪುರದ ಹುಡುಗನೊಬ್ಬನಿಗೆ ಬರೀ ಅರದಲ್ಲಿ (ಫೈಲ್) ಉಜ್ಜಿ ಚಾಕು ಮಾಡಲು ಕಲಿಸುವಾಗ, ಜೀಪಿನ ಲೀಫ್ ಸ್ಪ್ರಿಂಗಿನ (ಉಕ್ಕಿನ ಪಟ್ಟಿ) ಅಲಗು ಹದ ಕೊಟ್ಟಾಗ, ಅಂದರೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದಾಗ, ಬಾಗುತ್ತದೆ, ಏಕೆ ಅಂತ ಇಲ್ಲಿ ಕೇಳಿದ್ದೆ. ನೀವು ಹೇಳಿದ್ದೇ ಸರಿ: ಒಂದು ಮಗ್ಗುಲು ಹೆಚ್ಚು ಸವೆದಿತ್ತು, ಬಾಯಿ (ಕತ್ತರಿಸುವ ಅಂಚು) ಆಗಲೇ ಅರ್ಧ ಮಿ.ಮೀ.ಗೆ ಇಳಿದಿತ್ತು. ಈಗ ಅಂಚಿಗೆ ಮಾರ್ಕರ್ ಬಳಿದು, ನಡುಗೆರೆ ಗೀರಿ, 1.5 ಮಿ.ಮೀ. ದಪ್ಪ ಉಳಿದಾಗಲೇ ಅರ ನಿಲ್ಲಿಸುತ್ತಾನೆ.

ಅಲಗು ಕಾದು ಅಯಸ್ಕಾಂತ ಹಿಡಿಯದಾದ ಮೇಲೆ ಇನ್ನೊಂದಿಷ್ಟು ಕೆಂಪೇರಿಸಿ, 55 ಡಿಗ್ರಿ ಬಿಸಿಯ ಸೂರ್ಯಕಾಂತಿ ಎಣ್ಣೆಗೆ ಮೊನೆ ಕೆಳಗಾಗಿ ನೆಟ್ಟಗೆ ಇಳಿಸುವುದು. ಬೆನ್ನು–ಬಾಯಿ ದಿಕ್ಕಿಗೆ ಆಡಿಸಬಹುದು; ಮಗ್ಗುಲಿಗೆ ಆಡಿಸಿದರೆ ಮತ್ತೆ ಡೊಂಕು. (ನೀರು ಬೇಡವೇ ಬೇಡ, ಬಿರುಕು ಬಿಡುತ್ತದೆ.) ಅರ ಕಚ್ಚದೆ ಜಾರಿದರೆ ಗಡಸು ಬಂತು. ಪೆಡಸುತನ ತಗ್ಗಿಸಲು ತಡಮಾಡದೆ ಓಟಿಜಿಯಲ್ಲಿ (ಅಡುಗೆಮನೆಯ ವಿದ್ಯುತ್ ಓವನ್) 200 ಡಿಗ್ರಿ, ಎರಡೆರಡು ಗಂಟೆ, ಎರಡು ಸಲ. ಒಣಹುಲ್ಲಿನ ಬಣ್ಣ ಬಂದಿದೆ.

ಹಿಡಿಗೆ ಕಾಫಿ ಗಿಡದ ಕಾಂಡ ಒಣಗುತ್ತಿದೆ.