ಸಹಾಯ ಬೇಕು: ಅಪ್ಪನನ್ನು ಎಸಿಸಿ ಫುಟ್ಬಾಲ್ ಫೈನಲ್‌ಗೆ ಕರ್ಕೊಂಡು ಹೋಗಬೇಕು

ಅಮೆರಿಕದ ನಾರ್ತ್ ಕ್ಯಾರೊಲೈನಾದ ಕ್ಯಾರಿ, ಮಾರಿಸ್‌ವಿಲ್ ಕಡೆ ಇರೋ ಕನ್ನಡಿಗರಿಗೆ ನಮಸ್ಕಾರ.

ಅಪ್ಪ ಬೆಂಗಳೂರಿಂದ ಬಂದಿದ್ದಾರೆ. ವಯಸ್ಸಲ್ಲಿ ಗೌತಮಪುರದ ಮೈದಾನದಲ್ಲಿ ಬರಿಗಾಲಲ್ಲಿ ಆಡಿದವರು. ಈಗ ಮಂಡಿ ನೋವು, ಕೋಲು ಹಿಡಿದೇ ನಡೀತಾರೆ. ಆದರೂ ನವೆಂಬರ್‌ನಲ್ಲಿ ಕ್ಯಾರಿಯ ವೇಕ್‌ಮೆಡ್ ಪಾರ್ಕ್ ಮೈದಾನದಲ್ಲಿ ನಡೆಯೋ ಎಸಿಸಿ (ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಅನ್ನೋ ವಿಶ್ವವಿದ್ಯಾಲಯಗಳ ಒಕ್ಕೂಟ) ಪುರುಷರ ಫುಟ್ಬಾಲ್, ಅಂದರೆ ಇಲ್ಲಿನವರು ಸಾಕರ್ ಅನ್ನೋ ಆಟದ ಫೈನಲ್ ನೋಡಲೇಬೇಕು ಅಂತ ಹಿಡಿದ ಹಟ ಬಿಡ್ತಿಲ್ಲ.

ಇದಕ್ಕೆಲ್ಲ ಕಾರಣ ನಾನೇ. 2022ರ ಫೈನಲ್‌ನ ರೆಕಾರ್ಡಿಂಗ್ ತೋರಿಸಿದೆ. ಸಿರಾಕ್ಯೂಸ್ ವಿಶ್ವವಿದ್ಯಾಲಯದ ತಂಡ 2-0ಯಿಂದ ಕ್ಲೆಮ್ಸನ್ ವಿಶ್ವವಿದ್ಯಾಲಯದ ತಂಡವನ್ನು ಸೋಲಿಸಿದ ಮ್ಯಾಚು. ಗಡಿಯಾರ ಮಾಮೂಲಿನಂತೆ ಮೇಲೇರದೆ 45 ನಿಮಿಷದಿಂದ ಸೊನ್ನೆ ಕಡೆಗೆ ಓಡೋದು ನೋಡಿ ಕನ್ನಡಕ ಒರೆಸಿ ಮತ್ತೆ ಹಾಕ್ಕೊಂಡರು! ಮೊದಲರ್ಧದಲ್ಲಿ ಹೊರಗೆ ಹೋದ ಹುಡುಗ ಎರಡನೇ ಅರ್ಧದಲ್ಲಿ ವಾಪಸ್ ಬರಬಹುದು ಅಂದರೆ ಇವತ್ತಿಗೂ ಒಪ್ಪಲ್ಲ. ಎಸಿಸಿ ಗೆದ್ದವರಿಗೆ 48 ತಂಡಗಳ ರಾಷ್ಟ್ರೀಯ ಕಾಲೇಜು ಟೂರ್ನಿಗೆ ನೇರ ಪ್ರವೇಶ ಅಂದಾಗ ಮಾತ್ರ, "ಹಾಗಿದ್ರೆ ಹುಡುಗರು ಪ್ರಾಣ ಕೊಟ್ಟು ಆಡ್ತಾರೆ" ಅಂದರು. ಅದೇ ಸಿರಾಕ್ಯೂಸ್ 2022ರ ಡಿಸೆಂಬರ್‌ನಲ್ಲಿ ಇದೇ ಮೈದಾನದಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ತಂಡವನ್ನು ಪೆನಾಲ್ಟಿಯಲ್ಲಿ ಮಣಿಸಿ ರಾಷ್ಟ್ರೀಯ ಚಾಂಪಿಯನ್ ಆಯ್ತು.

ಅಲ್ಲಿ ಮ್ಯಾಚ್ ನೋಡಿದವರು ದಯವಿಟ್ಟು ತಿಳಿಸಿ: ಪಾರ್ಕಿಂಗ್‌ನಿಂದ ಸೀಟಿನ ತನಕ ಎಷ್ಟು ನಡೀಬೇಕು? ಮೆಟ್ಟಿಲು ಹತ್ತದೆ ಕೂರೋಕೆ ಯಾವ ಕಡೆ ಟಿಕೆಟ್ ತಗೊಳ್ಳಲಿ? ಚಳಿಗೆ ಶಾಲು, ಟೊಪ್ಪಿ ಸಾಕಾ?

ಇನ್ನೊಂದು ವಿಷಯ. ನನಗೆ ಡ್ರೈವಿಂಗ್ ಬರಲ್ಲ. ಆ ದಿನ ಹೋಗೋರು ಯಾರಾದರೂ ಇದ್ದರೆ ನಮ್ಮಿಬ್ಬರನ್ನೂ ಕರ್ಕೊಂಡು ಹೋಗ್ತೀರಾ? ಪೆಟ್ರೋಲ್ ಖರ್ಚು ನಮ್ಮದು, ಅಮ್ಮನ ಚಕ್ಕುಲಿ ಡಬ್ಬಿಯೂ ಜೊತೆಗೆ ಬರುತ್ತೆ.