‘ಟರ್ನೋವರ್’ಗೆ ಯಾವ ಪದ ಸರಿ: ವಹಿವಾಟೋ, ವ್ಯಾಪಾರವೋ?

ಎಲ್ಲರಿಗೂ ನಮಸ್ಕಾರ.

ಹೊಸದಾಗಿ ಅಂಗಡಿ ಇಡುವವರಿಗಾಗಿ ಜಿಎಸ್‌ಟಿ ನೋಂದಣಿ ಬಗ್ಗೆ ಒಂದು ಕರಪತ್ರ ಬರೆಯುತ್ತಿದ್ದೇನೆ. ‘ಟರ್ನೋವರ್’ (ಖರ್ಚು ಕಳೆಯದೆ, ಮಾರಿದ ಸರಕು ಮತ್ತು ಕೊಟ್ಟ ಸೇವೆಯ ಒಟ್ಟು ಮೊತ್ತ) ಅನ್ನುವ ಕಡೆ ಬಂದು ನಿಂತಿದ್ದೇನೆ. ನಿಮ್ಮ ಸಲಹೆ ಬೇಕು.

ಕರ್ನಾಟಕದಲ್ಲಿ ಬರೀ ಸರಕು ಮಾರುವವರ ಟರ್ನೋವರ್ ವರ್ಷಕ್ಕೆ 40 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಕಡ್ಡಾಯ. ಸೇವೆ ಕೊಡುವವರಿಗೆ 20 ಲಕ್ಷ. ದಾಟಿದ ಮೇಲೆ 30 ದಿನದೊಳಗೆ ಅರ್ಜಿ ಹಾಕಬೇಕು. ಇದನ್ನೇ ಕೆಲವರು ‘ವರ್ಷದ ಆದಾಯ 40 ಲಕ್ಷ’ ಅಂತ ಹೇಳುತ್ತಾರೆ. ಇದಂತೂ ಬೇಡವೇ ಬೇಡ. ಆದಾಯ ಅಂದ ಕೂಡಲೇ ಖರ್ಚು ಕಳೆದು ಕೈಯಲ್ಲಿ ಉಳಿಯುವ ದುಡ್ಡು ಅಂತ ಅಂಗಡಿಯವರು ತಿಳಿಯುತ್ತಾರೆ. ‘ನನಗೆಲ್ಲಿ ಅಷ್ಟು ಲಾಭ’ ಅಂತ ಸುಮ್ನಿದ್ದುಬಿಡುತ್ತಾರೆ. ದಿನಕ್ಕೆ ಸುಮಾರು 11 ಸಾವಿರದ ಮಾರಾಟ ಇದ್ದರೆ ಸಾಕು, ವರ್ಷಕ್ಕೆ 40 ಲಕ್ಷ ಆಗಿಬಿಡುತ್ತದೆ.

‘ವಹಿವಾಟು’ ಬಳಕೆಯಲ್ಲಿರುವ ಪದ, ನಿಜ. ಆದರೆ ನಾವು ‘ಯುಪಿಐ ವಹಿವಾಟು’, ‘ಬ್ಯಾಂಕ್ ವಹಿವಾಟು’ ಅಂತಲೂ ಬರೆಯುತ್ತೇವೆ. ಅಲ್ಲಿ ಅದು ಯಾವುದೇ ಹಣದ ಓಡಾಟ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಬೆಂಗಳೂರಿನ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದಿತ್ತಲ್ಲ, ಆಗ ಎದ್ದ ಪ್ರಶ್ನೆಗಳಲ್ಲಿ ಇದೂ ಒಂದು. ಭಾವನಿಂದ ಪಡೆದ ಕೈಸಾಲ ಫೋನಿಗೆ ಬಂದರೆ ಅದೂ ವಹಿವಾಟೇ, ಆದರೆ ಟರ್ನೋವರ್ ಅಲ್ಲ. ಎರಡಕ್ಕೂ ಒಂದೇ ಪದ ಇಟ್ಟರೆ ಸಾಮಾನ್ಯ ಓದುಗರು ಹೇಗೆ ಬೇರೆ ಮಾಡಬೇಕು?

‘ಮಾರಾಟ’ ಚೆನ್ನಾಗಿದೆ, ಆದರೆ ಸಲೂನಿನವರಿಗೆ, ಟೈಲರಿಗೆ ಹೊಂದುವುದಿಲ್ಲ. ನನಗೆ ಹಿಡಿಸಿರುವುದು ‘ವ್ಯಾಪಾರ’. ‘ದಿನಕ್ಕೆ ಎಷ್ಟು ವ್ಯಾಪಾರ ಆಗುತ್ತೆ?’ ಅಂತ ಕೇಳಿದರೆ ಯಾರೂ ಲಾಭ ಹೇಳುವುದಿಲ್ಲ, ಸಾಲವನ್ನೂ ಸೇರಿಸುವುದಿಲ್ಲ. ಹಾಗಾಗಿ ‘ವರ್ಷದ ಒಟ್ಟು ವ್ಯಾಪಾರ’ ಅಂತ ಬರೆದು, ಮೊದಲ ಸಲ ಮಾತ್ರ ಪಕ್ಕದಲ್ಲೇ ‘ಟರ್ನೋವರ್’ ಅಂತ ಕೊಡೋಣ ಅಂದುಕೊಂಡಿದ್ದೇನೆ.

ಇನ್ನೊಂದು ತೊಡಕು ‘ಒಟ್ಟು’ ಅನ್ನುವುದರಲ್ಲಿದೆ. ಕಾಯ್ದೆಯ ಲೆಕ್ಕದಲ್ಲಿ ಒಂದೇ ಪ್ಯಾನ್ ಮೇಲೆ ದೇಶದಲ್ಲಿ ಎಲ್ಲೆಲ್ಲಿ ಅಂಗಡಿ ಇದೆಯೋ ಅಷ್ಟೂ ಸೇರುತ್ತದೆ. ತೆರಿಗೆಯೇ ಇಲ್ಲದ ಹಾಲು, ತರಕಾರಿಯ ಮಾರಾಟವೂ ಸೇರುತ್ತದೆ. ಬರೀ ಹಾಲು, ತರಕಾರಿ ಮಾರುವವರಿಗೆ ನೋಂದಣಿ ಬೇಕಿಲ್ಲ. ಜೊತೆಗೆ ಸೋಪು, ಬಿಸ್ಕತ್ತು ಇಟ್ಟರೆ ಹಾಲಿನ ದುಡ್ಡೂ ಆ 40 ಲಕ್ಷದ ಲೆಕ್ಕಕ್ಕೆ ಬರುತ್ತದೆ. ಇಷ್ಟನ್ನು ‘ಒಟ್ಟು’ ಒಂದೇ ಹೊರಲಾರದು ಅನ್ನಿಸುತ್ತದೆ. ‘ಎಲ್ಲ ಸೇರಿ’ ಅಂತ ಬಿಡಿಸಿ ಹೇಳಿದರೆ ಹೇಗೆ?

ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆಯ ಅಂಗಡಿಗಳಲ್ಲಿ ದಿನದ ಒಟ್ಟು ಮಾರಾಟಕ್ಕೆ ಏನಂತಾರೆ? ‘ವ್ಯಾಪಾರ’ ಅಲ್ಲೂ ಇದೇ ಅರ್ಥ ಕೊಡುತ್ತದಾ? ಗೊತ್ತಿದ್ದವರು ದಯವಿಟ್ಟು ತಿಳಿಸಿ.