ಗಾಳಿಗೆ ಹೆಂಚು ಹಾರಿದೆ, ಭಾರತ್ ಗೃಹ ರಕ್ಷಾ ಪಾಲಿಸಿ ಇದೆ. ಕ್ಲೇಮ್ ಹೇಗೆ ಮಾಡಬೇಕು?

ಕೊಪ್ಪದ_ಮಗಳು:

ಎಲ್ಲರಿಗೂ ನಮಸ್ಕಾರ. ಕೊಪ್ಪ ತಾಲೂಕಿನಲ್ಲಿರುವ ನಮ್ಮ ಅಪ್ಪ ಅಮ್ಮನ ಮನೆ ವಿಷಯ. ಮೊನ್ನೆ ಸಂಜೆ ಬೀಸಿದ ಗಾಳಿ ಮಳೆಗೆ ಪಡುವಣ ಇಳಿಜಾರಿನ ಹೆಂಚು ಅರ್ಧಕ್ಕರ್ಧ ಹಾರಿಹೋಗಿದೆ. ಕೋಡಿನ (ನೆತ್ತಿಯ) ಹೆಂಚಂತೂ ಒಂದು ಸಾಲು ಪೂರ್ತಿ ಅಂಗಳದಲ್ಲಿ ಬಿದ್ದಿದೆ. ಹೆಂಚು ಕೂರುವ ರೀಪು ಅಲ್ಲಲ್ಲಿ ಕಿತ್ತು ಬಂದಿದೆ, ಆ ರೀಪನ್ನು ಹೊತ್ತ ಒಂದೆರಡು ಪಕಾಸಿ ಮರ ಸೀಳಿದೆ. ಆಮೇಲೆ ಸುರಿದ ಮಳೆ ನೇರ ಅಟ್ಟಕ್ಕೆ, ಅಲ್ಲಿಂದ ಹಲಗೆ ಸಂದಿಯಲ್ಲಿ ನಡುಮನೆಗೆ ಇಳಿಯಿತು. ಟಿವಿ, ಇನ್ವರ್ಟರ್, ಹಾಸಿಗೆ ಎಲ್ಲಾ ನೆನೆದಿವೆ. ಹಿಂಬದಿ ಜಿಐ ಶೀಟ್ ಹಾಕಿದ್ದ ಜಗಲಿಯ ಎರಡು ಶೀಟು ಮಡಚಿಕೊಂಡು ತೋಟದೊಳಗೆ ಬಿದ್ದಿವೆ.

ಮನೆ ರಿಪೇರಿಗೆ ಸಾಲ ತೆಗೆದಾಗ ಬ್ಯಾಂಕಿನವರೇ ಭಾರತ್ ಗೃಹ ರಕ್ಷಾ ಪಾಲಿಸಿ ಮಾಡಿಸಿದ್ದರು. ಕಟ್ಟಡಕ್ಕೆ 18 ಲಕ್ಷ ಅಂತ ಇದೆ. ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿದರೆ, "ನೀರು ಸೋರಿದ್ದು ಕವರ್ ಆಗಲ್ಲ, ಅದರಲ್ಲೂ ಹಳೇ ಹೆಂಚು ಅಂದ್ರೆ ಕಷ್ಟ" ಅಂದರು. ಕ್ಲೇಮ್ ನಂಬರನ್ನೂ ಕೊಡಲಿಲ್ಲ.

ಪಕ್ಕದ ಮನೆಯವರು "ಹಾನಿ ಅಂದಾಜು ಮಾಡೋ ಸರ್ವೇಯರ್ ಬರೋವರೆಗೆ ಒಂದು ಹೆಂಚನ್ನೂ ಮುಟ್ಟಬೇಡಿ" ಅಂತ ಹೇಳಿದ್ದರಿಂದ ಅಪ್ಪ ಟಾರ್ಪಾಲು ಹಾಕಲೂ ಬಿಡುತ್ತಿಲ್ಲ. ಇವತ್ತು ಮತ್ತೆ ಮೋಡ ಕಟ್ಟಿದೆ. ಟಾರ್ಪಾಲು ಹಾಕಿದರೆ ಕ್ಲೇಮ್ ಹೋಗುತ್ತಾ? ಸೋರಿಕೆಗೆ ಕೊಡಲ್ಲ ಅನ್ನೋದು ನಿಜವಾ? ಜಗಲಿ ಶೀಟು ಸೇರುತ್ತಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಘಟ್ಟದ_ಕೆಳಗಿನವ:

ಮೊದಲು ಟಾರ್ಪಾಲು ಹಾಕಿಸಿ ಅಕ್ಕ, ಮಿಕ್ಕಿದ್ದೆಲ್ಲ ಆಮೇಲೆ. ಹಾಕುವ ಮುಂಚೆ ಮೊಬೈಲಲ್ಲಿ ಫೋಟೋ, ವಿಡಿಯೋ ಎರಡೂ ತೆಗೆಯಿರಿ. ನಮ್ಮ ಕಡೆ ಬೆಳ್ತಂಗಡಿಯಲ್ಲಿ ಅಡಿಕೆ ಮರ ಬಿದ್ದು ಮಾಡು (ಚಾವಣಿ) ಹೋದಾಗ ನಾವೂ ಹಾಗೇ ಮಾಡಿದ್ದು, ಯಾರೂ ತಕರಾರು ತೆಗೆಯಲಿಲ್ಲ. ಟಾರ್ಪಾಲಿನ ಬಿಲ್ಲು, ಹಾಕಿದ ಆಳಿನ ಕೂಲಿಯ ಚೀಟಿ ಎರಡನ್ನೂ ಜೋಪಾನ ಮಾಡಿ. ಅಪ್ಪನನ್ನು ಮಾತ್ರ ಮಾಡು ಹತ್ತಲು ಬಿಡಬೇಡಿ. ಸೀಳಿದ ಪಕಾಸಿ ಯಾವಾಗ ಕೈ ಕೊಡುತ್ತದೋ ಹೇಳಲಾಗದು.

ನಿವೃತ್ತ_ಸರ್ವೇಯರ್:

ನಾನು ಮಲೆನಾಡು, ಕರಾವಳಿಯಲ್ಲಿ ಇನ್ಶೂರೆನ್ಸ್ ಸರ್ವೇಯರ್ ಆಗಿ ದುಡಿದವನು. ನಿಮ್ಮ ಅಪ್ಪನಿಗೆ ಇದನ್ನು ಓದಿ ಹೇಳಿ: ಹಾನಿ ಇನ್ನೂ ಹೆಚ್ಚಾಗದಂತೆ ನೋಡಿಕೊಳ್ಳುವುದು ಪಾಲಿಸಿದಾರನ ಕರ್ತವ್ಯ ಅಂತ ಪಾಲಿಸಿಯಲ್ಲೇ ಇರುತ್ತದೆ. ಟಾರ್ಪಾಲು ಹಾಕಿದರೆ ಕ್ಲೇಮ್ ಹೋಗುವುದಿಲ್ಲ. ಹಾಕದೆ ಬಿಟ್ಟು ನಾಳೆ ಅಟ್ಟದ ಹಲಗೆ ಪೂರ್ತಿ ಹಾಳಾದರೆ, "ಇದನ್ನು ತಪ್ಪಿಸಬಹುದಿತ್ತು" ಅಂತ ಆ ಭಾಗವನ್ನು ಕಡಿತ ಮಾಡಲು ಅವಕಾಶ ಆಗುತ್ತದೆ. ಮಾಡಬಾರದ್ದು ಶಾಶ್ವತ ರಿಪೇರಿ. ಹೊಸ ಹೆಂಚು ಹೊದೆಸುವುದು, ಪಕಾಸಿ ಬದಲಿಸುವುದು ಸರ್ವೇ ಮುಗಿದ ಮೇಲೆ.

ಫೋನಿನಲ್ಲಿ ಹೇಳಿದ್ದನ್ನು ತಲೆಗೆ ಹಾಕಿಕೊಳ್ಳಬೇಡಿ. ಈಗಲೇ ಒಂದು ಇಮೇಲ್ ಕಳಿಸಿ: ಪಾಲಿಸಿ ನಂಬರ್, ಗಾಳಿ ಬೀಸಿದ ದಿನ, ಹೊತ್ತು, ಏನೇನು ಹಾಳಾಗಿದೆ, ಟಾರ್ಪಾಲು ಹಾಕುತ್ತಿದ್ದೇವೆ ಎಂಬ ಮಾಹಿತಿ. ನಾಲ್ಕು ಸಾಲು ಸಾಕು. ಫೋನಲ್ಲಿ ಆಡಿದ ಮಾತಿಗೆ ದಾಖಲೆ ಇರಲ್ಲ, ಇಮೇಲಿಗೆ ಇರುತ್ತದೆ. ವಿಮಾ ಕಂಪನಿಗಳ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2024ರ ಜೂನ್‌ನಲ್ಲಿ ಹೊರಡಿಸಿದ ಮಾಸ್ಟರ್ ಸುತ್ತೋಲೆ ಪ್ರಕಾರ ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕ ಆಗಬೇಕು, 15 ದಿನದೊಳಗೆ ವರದಿ ಬರಬೇಕು, ವರದಿ ಕೈಸೇರಿದ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು. ಈ ಗಡುವುಗಳೆಲ್ಲ ನೀವು ಬರವಣಿಗೆಯಲ್ಲಿ ತಿಳಿಸಿದ್ದಕ್ಕೆ ಆಧಾರ ಇದ್ದರೆ ಮಾತ್ರ ಉಪಯೋಗಕ್ಕೆ ಬರುವುದು.

ಇನ್ನು ಸೋರಿಕೆ. ಭಾರತ್ ಗೃಹ ರಕ್ಷಾ 2021ರ ಏಪ್ರಿಲ್ 1ರಿಂದ ಬಂದ ಪಾಲಿಸಿ. ಎಲ್ಲ ಜನರಲ್ ಇನ್ಶೂರೆನ್ಸ್ ಕಂಪನಿಗಳಲ್ಲೂ ಮೂಲ ಷರತ್ತು ಒಂದೇ. ಬೆಂಕಿ, ಸಿಡಿಲು, ಭೂಕಂಪ, ಭೂಕುಸಿತ, ಬಿರುಗಾಳಿ, ಚಂಡಮಾರುತ, ಪ್ರವಾಹ ಹೀಗೆ ಯಾವ ಘಟನೆಗೆ ಪರಿಹಾರ ಅಂತ ಪಟ್ಟಿ ಇದೆ. ಬರೀ ಸೋರಿಕೆ ಆ ಪಟ್ಟಿಯಲ್ಲಿ ಇಲ್ಲ, ಆ ಮಟ್ಟಿಗೆ ಫೋನಿನವರು ಹೇಳಿದ್ದು ಸರಿ. ಆದರೆ ನಿಮ್ಮ ಮನೆ ಸೋರಲಿಲ್ಲವಲ್ಲ! ಗಾಳಿ ಮಾಡು ಬಿಚ್ಚಿತು, ಬಿಚ್ಚಿದ ಜಾಗದಿಂದ ಮಳೆ ಒಳಗೆ ಬಂತು. ಹಾನಿಗೆ ಮೂಲ ಕಾರಣ ಬಿರುಗಾಳಿ. ವಿಮೆಯಲ್ಲಿ ನೋಡಬೇಕಾದ್ದು ಆ ಮೂಲ ಕಾರಣವನ್ನೇ. ಹಾಗಾಗಿ ಕ್ಲೇಮ್ ಫಾರಮ್ಮಿನಲ್ಲಿ "ಮನೆ ಸೋರಿ ಹಾನಿಯಾಗಿದೆ" ಅಂತ ದಯವಿಟ್ಟು ಬರೆಯಬೇಡಿ. "ಬಿರುಗಾಳಿಗೆ ಹೆಂಚು ಹಾರಿ, ತೆರೆದ ಮಾಡಿನಿಂದ ಮಳೆ ನೀರು ನುಗ್ಗಿ ಹಾನಿಯಾಗಿದೆ" ಅಂತ ನಡೆದದ್ದನ್ನು ನಡೆದ ಹಾಗೇ ಬರೆಯಿರಿ. ಒಂದು ಸಾಲಿನ ಅಜಾಗರೂಕತೆಯಿಂದ ನ್ಯಾಯವಾದ ಕ್ಲೇಮು ತಿರಸ್ಕಾರ ಆಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ಮನೆಯವರ ಮುಖ ಈಗಲೂ ನೆನಪಿದೆ.

ಹಳೇ ಹೆಂಚು ಅನ್ನುವುದು ಸರ್ವೇಯಲ್ಲಿ ಬಂದೇ ಬರುವ ಮಾತು. ಅದಕ್ಕೆ ಉತ್ತರ ನಿಮ್ಮ ಅಂಗಳದಲ್ಲೇ ಬಿದ್ದಿದೆ. ಒಡೆದ ಹೆಂಚಿನ ಚೂರು ಎತ್ತಿ ಒಡಕಿನ ಅಂಚು ನೋಡಿ. ಮೊನ್ನೆ ಒಡೆದದ್ದಾದರೆ ಒಳಗಿನ ಕೆಂಪು ಹಸಿಯಾಗಿ, ಹೊಳಪಾಗಿ ಕಾಣುತ್ತದೆ, ಉಗುರಲ್ಲಿ ಕೆರೆದರೆ ಕೆಂಪು ಪುಡಿ ಉದುರುತ್ತದೆ. ವರ್ಷದ ಹಿಂದೆಯೇ ಬಿರುಕು ಬಿಟ್ಟದ್ದಾದರೆ ಅಂಚಿನಲ್ಲೇ ಕಪ್ಪು ಕೂತಿರುತ್ತದೆ, ಮಲೆನಾಡಲ್ಲಂತೂ ಪಾಚಿಯೂ ಹಿಡಿದಿರುತ್ತದೆ. ಮೇಲ್ಮೈಯ ಪಾಚಿ ನೋಡಿ ಯಾರೂ ತೀರ್ಮಾನ ಮಾಡಬಾರದು, ನೋಡಬೇಕಾದ್ದು ಒಡಕಿನ ಅಂಚು. ಅಟ್ಟದ ಹಲಗೆಯೂ ಹಾಗೇ. ಹಳೇ ಸೋರಿಕೆ ಬಳೆ ಬಳೆಯಾಗಿ ಕಂದು ಕಲೆ ಬಿಟ್ಟಿರುತ್ತದೆ. ಮೊನ್ನೆಯದು ಬರೀ ಒದ್ದೆ. ಇವೆರಡನ್ನೂ ಹತ್ತಿರದಿಂದ, ನೆರಳು ಬೀಳದ ಬೆಳಕಲ್ಲಿ ಫೋಟೋ ತೆಗೆಯಿರಿ. ಒಡೆದ ಹೆಂಚನ್ನು ಗುಡ್ಡೆ ಹಾಕಿ ಮುಚ್ಚಿಡಿ, ಗದ್ದೆ ದಾರಿಗೆ ಸುರಿಯಬೇಡಿ.

ಇನ್ನೊಂದು ಮುಖ್ಯ ಗುರುತು. ಗಾಳಿ ಮಾಡನ್ನು ಮೇಲಿಂದ ಒತ್ತುವುದಕ್ಕಿಂತ ಹೆಚ್ಚಾಗಿ ಹೀರಿ ಎತ್ತುತ್ತದೆ. ಅದಕ್ಕೇ ಮೊದಲು ಕೀಳುವುದು ಕೋಡು, ಸೂರಿನಂಚು, ಮೂಲೆ. ನಿಮ್ಮಲ್ಲಿ ಕೋಡಿನ ಸಾಲು ಪೂರ್ತಿ ಹೋಗಿದೆ ಅಂದಿದ್ದೀರಿ, ಅದು ಗಾಳಿಯ ಸಹಿ ಇದ್ದ ಹಾಗೆ. ಮೂಡಣ ಇಳಿಜಾರಿನಲ್ಲಿ ಅದೇ ವಯಸ್ಸಿನ ಹೆಂಚು ಗಟ್ಟಿಯಾಗಿ ಕೂತಿದ್ದರೆ ಅದರ ಫೋಟೋವನ್ನೂ ತೆಗೆಯಿರಿ. ಹಳತಾಗಿದ್ದೇ ಕಾರಣವಾಗಿದ್ದರೆ ಎರಡೂ ಕಡೆ ಹಾಳಾಗಬೇಕಿತ್ತಲ್ಲವೇ?

ಗಾಳಿ ಬಂದದ್ದಕ್ಕೆ ಹೊರಗಿನ ಸಾಕ್ಷಿಯೂ ಇರಲಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹವಾಮಾನ ಮಾಪನ ಘಟಕಗಳು ಹೋಬಳಿ ಮಟ್ಟದಲ್ಲಿವೆ, ಮಳೆ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಆ ದಿನದ ಮಾಹಿತಿ ಕೇಳಿ ಪಡೆಯಬಹುದು. ಮರುದಿನದ ಪತ್ರಿಕೆಯ ಸ್ಥಳೀಯ ಪುಟ, ಊರಲ್ಲಿ ಬಿದ್ದ ಕಂಬದ ಬಗ್ಗೆ ಮೆಸ್ಕಾಂಗೆ ಕೊಟ್ಟ ದೂರು, ಗ್ರಾಮ ಆಡಳಿತಾಧಿಕಾರಿಯ ಪಂಚನಾಮೆ, ಇವೆಲ್ಲ ಜೊತೆಗಿರಲಿ.

ಜಗಲಿ ಮನೆಗೆ ಸೇರಿದ್ದಾದರೆ ಕಟ್ಟಡದ ವ್ಯಾಖ್ಯೆಯೊಳಗೇ ಬರುತ್ತದೆ. ಈ ಪಾಲಿಸಿಯಲ್ಲಿ ವೆರಾಂಡಾ, ಕಾಂಪೌಂಡ್ ಗೋಡೆ, ನೀರಿನ ಟ್ಯಾಂಕ್, ಸೋಲಾರ್ ಪ್ಯಾನೆಲ್ ಎಲ್ಲ ಕಟ್ಟಡದ ಭಾಗ. ಹುಲ್ಲು, ಬಿದಿರು, ಟಾರ್ಪಾಲಿನ ಮಾಡಾದರೆ ಕಚ್ಚಾ ಕಟ್ಟಡ ಅಂತ ಹೊರಗಿಡುತ್ತಾರೆ, ಜಿಐ ಶೀಟಿಗೆ ಆ ಮಾತು ಹೊಂದುವುದಿಲ್ಲ. ಟಿವಿ, ಹಾಸಿಗೆ ವಿಷಯಕ್ಕೆ ಪಾಲಿಸಿ ಶೆಡ್ಯೂಲ್ (ಯಾವುದಕ್ಕೆ ಎಷ್ಟು ವಿಮೆ ಅಂತ ಬರೆದಿರುವ ಪುಟ) ನೋಡಿ: ಗೃಹೋಪಯೋಗಿ ವಸ್ತುಗಳನ್ನು ಬೇಡ ಅಂತ ಬಿಟ್ಟಿರದಿದ್ದರೆ ಕಟ್ಟಡದ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷದವರೆಗೆ ತಾನಾಗಿಯೇ ಸೇರಿರುತ್ತದೆ. ನಿಮ್ಮ 18 ಲಕ್ಷಕ್ಕೆ 3.60 ಲಕ್ಷ. ಇನ್ವರ್ಟರ್ ನೀರು ಬಿದ್ದು ಕೆಟ್ಟಿದ್ದಕ್ಕೆ ಮೆಕ್ಯಾನಿಕ್ ಬರೆದುಕೊಟ್ಟ ಚೀಟಿ ಬೇಕು, ಬರೀ ಶಾರ್ಟ್ ಸರ್ಕ್ಯೂಟ್ ಅಂತ ಬರೆದರೆ ತಕರಾರು ಬರುತ್ತದೆ. ಒಡೆದದ್ದನ್ನು ಸಾಗಿಸುವ ಖರ್ಚಿಗೂ ಕ್ಲೇಮ್ ಮೊತ್ತದ ಶೇ. 2ರವರೆಗೆ ಅವಕಾಶ ಇದೆ, ಬಹಳ ಜನ ಕೇಳುವುದೇ ಇಲ್ಲ.

ಕಾಫಿ_ಕಣ:

ಸರ್ವೇಯರ್ ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬಡಗಿಯ ಅಂದಾಜು ಪಟ್ಟಿಯನ್ನು "ಮಾಡು ರಿಪೇರಿ, ಒಟ್ಟು ಇಷ್ಟು" ಅಂತ ಒಂದೇ ಸಾಲಲ್ಲಿ ಕೊಡಬೇಡಿ. ನಮಗೆ ಹಾಗೆ ಕೊಟ್ಟಿದ್ದಕ್ಕೆ ಕಂಪನಿಯವರು ತಮಗೆ ತೋಚಿದಷ್ಟು ಕತ್ತರಿಸಿದರು. ಹೆಂಚು ಎಷ್ಟು, ಕೋಡಿನ ಹೆಂಚು ಎಷ್ಟು, ರೀಪು ಎಷ್ಟು ಅಡಿ, ಪಕಾಸಿಯ ಮರ ಯಾವುದು, ಕೂಲಿ ಎಷ್ಟು, ಬಿಡಿ ಬಿಡಿಯಾಗಿ ಬರೆಸಿ. ಹಳೇ ಅಳತೆಯ ಮಂಗಳೂರು ಹೆಂಚು ಈಗ ಸಿಗುವುದು ಕಷ್ಟ, ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿವೆ. ಹೊಸದು ಹಳೇದರ ಜೊತೆ ಕಚ್ಚಿ ಕೂರದಿದ್ದರೆ ಇಡೀ ಇಳಿಜಾರನ್ನೇ ಬದಲಿಸಬೇಕಾಗುತ್ತದೆ. ಹಾಗಿದ್ದರೆ ಆ ಅಳತೆ ಸಿಗುವುದಿಲ್ಲ ಅಂತ ಹೆಂಚಿನ ಅಂಗಡಿಯವರಿಂದ ಪತ್ರ ತನ್ನಿ.

ಕೊಪ್ಪದ_ಮಗಳು:

ಎಲ್ಲರಿಗೂ ತುಂಬಾ ಧನ್ಯವಾದ. ಟಾರ್ಪಾಲು ಹಾಕಿಸಿದೆವು, ಅಪ್ಪ ಈಗ ಸಮಾಧಾನವಾಗಿದ್ದಾರೆ. ಇಮೇಲ್ ಹೋದ ಮೇಲೆ ಕ್ಲೇಮ್ ನಂಬರ್ ಬಂತು, ಸರ್ವೇಯರ್ ಕೂಡ ಬಂದು ಹೋದರು. ಒಡಕಿನ ಅಂಚು ತೋರಿಸಿದ ಮೇಲೆ ಹಳೇ ಹೆಂಚಿನ ಮಾತು ಅಲ್ಲಿಗೇ ನಿಂತಿತು. ಆದರೆ ಹೊಸ ತಲೆನೋವು: "ಈ ಮನೆ ಕಟ್ಟಲು ಈಗ 27 ಲಕ್ಷ ಬೇಕು, ನೀವು ವಿಮೆ ಮಾಡಿಸಿದ್ದು 18ಕ್ಕೆ. ಅದೇ ಪ್ರಮಾಣದಲ್ಲಿ ಕಡಿತ ಆಗುತ್ತೆ" ಅಂದರು. ಹಾನಿ ಸುಮಾರು 2 ಲಕ್ಷ. ಕಂಪನಿಯವರು ಒಂದು ವೋಚರಿಗೆ ಸಹಿ ಹಾಕಿ ಕಳಿಸಿ ಅಂತಲೂ ಹೇಳಿದ್ದಾರೆ, "ಪೂರ್ಣ ಮತ್ತು ಅಂತಿಮ" ಅಂತ ಇದೆ. ಹಾಕಬಹುದಾ?

ನಿವೃತ್ತ_ಸರ್ವೇಯರ್:

ಆ ಕಡಿತ ಈ ಪಾಲಿಸಿಯಲ್ಲಿ ಇಲ್ಲ! ಅದು ಹಳೇ ಅಗ್ನಿ ವಿಮೆಯ ಲೆಕ್ಕ. ಅದರ ಪ್ರಕಾರ 27ಕ್ಕೆ 18 ಅಂದರೆ ಮೂರರಲ್ಲಿ ಎರಡು ಪಾಲು, ನಿಮ್ಮ 2 ಲಕ್ಷಕ್ಕೆ ಸುಮಾರು 1.33 ಲಕ್ಷ. ಭಾರತ್ ಗೃಹ ರಕ್ಷಾ ತಂದದ್ದೇ ಸಾಮಾನ್ಯ ಮನೆಯವರಿಗೆ ಈ ಏಟು ಬೀಳಬಾರದು ಅಂತ. ಕಡಿಮೆ ವಿಮೆಯ ಕಡಿತವನ್ನು ಅದರಲ್ಲಿ ಕೈಬಿಡಲಾಗಿದೆ. ಪ್ರಪೋಸಲ್ ಫಾರಮ್ಮಿನಲ್ಲಿ ಮನೆಯ ಕಾರ್ಪೆಟ್ ವಿಸ್ತೀರ್ಣ (ಗೋಡೆ ಬಿಟ್ಟು ಒಳಗಿನ ನೆಲದ ಅಳತೆ) ಸರಿಯಾಗಿ ಕೊಟ್ಟಿದ್ದೀರಾ ನೋಡಿಕೊಳ್ಳಿ. ಸರಿ ಇದ್ದರೆ ಪಾಲಿಸಿಯಲ್ಲಿ ಆ ಷರತ್ತು ಇರುವ ಪುಟದ ಫೋಟೋ ಹಚ್ಚಿ, ಯಾವ ಷರತ್ತಿನ ಪ್ರಕಾರ ಕಡಿತ ಅಂತ ಲಿಖಿತವಾಗಿ ಕೇಳಿ. ಸರ್ವೇ ವರದಿಯ ಪ್ರತಿಯನ್ನೂ ಕೇಳಿ, ಅದು ನಿಮ್ಮ ಹಕ್ಕು.

ವೋಚರಿನ ಮೊತ್ತ ಒಪ್ಪಿಗೆ ಇಲ್ಲದಿದ್ದರೆ ಈಗಲೇ ಸಹಿ ಬೇಡ. ದುಡ್ಡಿನ ತುರ್ತಿನಿಂದ ಹಾಕಲೇಬೇಕಾಗಿ ಬಂದರೆ "ಬಾಕಿ ಮೊತ್ತದ ಹಕ್ಕು ಉಳಿಸಿಕೊಂಡು ಪಡೆದಿದ್ದೇನೆ" ಅಂತ ಬರೆದು ಹಾಕಿ. ವೋಚರಿಗೆ ಸಹಿ ಹಾಕಿದ ಮಾತ್ರಕ್ಕೆ ಹೆಚ್ಚಿನ ಪರಿಹಾರ ಕೇಳುವ ಹಕ್ಕು ಹೋಗುವುದಿಲ್ಲ ಅಂತ ಐಆರ್‌ಡಿಎಐ 2015ರಲ್ಲೇ ಕಂಪನಿಗಳಿಗೆ ಹೇಳಿದೆ.

ಕಂಪನಿಯ ದೂರು ವಿಭಾಗಕ್ಕೆ ಬರೆದು, ಅವರು ಒಪ್ಪದಿದ್ದರೆ ಅಥವಾ ಒಂದು ತಿಂಗಳಾದರೂ ಉತ್ತರ ಕೊಡದಿದ್ದರೆ, ವಿಮೆ ದೂರು ಕೇಳಿ ತೀರ್ಮಾನ ಹೇಳುವ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕದ್ದು ಬೆಂಗಳೂರಿನ ಜೆ.ಪಿ. ನಗರದಲ್ಲಿದೆ, ದೂರನ್ನು ಆನ್‌ಲೈನಲ್ಲೇ ಕೊಡಬಹುದು. ಶುಲ್ಕ ಇಲ್ಲ, ವಕೀಲರು ಬೇಡ, 50 ಲಕ್ಷದವರೆಗಿನ ವಿವಾದ ನೋಡುತ್ತಾರೆ. ಕಂಪನಿಯ ಅಂತಿಮ ಉತ್ತರ ಬಂದ ಒಂದು ವರ್ಷದೊಳಗೆ ಹೋಗಬೇಕು. ಅವರ ಆದೇಶ ಕಂಪನಿಗೆ ಕಡ್ಡಾಯ.

ಕಾಫಿ_ಕಣ:

ಸಾಲ ಇನ್ನೂ ಬಾಕಿ ಇದೆಯಾ? ಇದ್ದರೆ ಪಾಲಿಸಿಯಲ್ಲಿ ಬ್ಯಾಂಕಿನ ಹೆಸರೂ ಇರುತ್ತದೆ, ಕಟ್ಟಡದ ಪರಿಹಾರದ ದುಡ್ಡು ಮೊದಲು ಬ್ಯಾಂಕಿಗೇ ಹೋಗಬಹುದು. ಶಾಖೆಯಲ್ಲಿ ಮೊದಲೇ ಮಾತಾಡಿ, ಮೊತ್ತವನ್ನು ರಿಪೇರಿಗಾಗಿ ನಿಮ್ಮ ಖಾತೆಗೆ ಬಿಡಲು ಅಭ್ಯಂತರ ಇಲ್ಲ ಅಂತ ಪತ್ರ ತೆಗೆದುಕೊಳ್ಳಿ.

ಕೊಪ್ಪದ_ಮಗಳು:

ಬಾಕಿ ಇದೆ. ಸೋಮವಾರ ಅಪ್ಪನ ಜೊತೆ ಶಾಖೆಗೆ ಹೋಗುತ್ತೇನೆ. ಕಡಿತದ ಬಗ್ಗೆ ಇಮೇಲ್ ಈಗಷ್ಟೇ ಕಳಿಸಿದೆ, ಷರತ್ತಿನ ಪುಟವನ್ನೂ ಹಚ್ಚಿದ್ದೇನೆ. ಉತ್ತರ ಬಂದ ಕೂಡಲೇ ಇಲ್ಲಿ ಹಾಕುತ್ತೇನೆ.